ತುತ್ತಿನಗುಡ್ಡ

ಕರೆಕಲ್ಲೂರಿನ ಬಡಗಣ ದಿಕ್ಕಿಗೆ ಜಾಲಿಯ ನಡುವಿನ ಕಾಲುದಾರಿ ಹಿಡಿದು ಹೋದರೆ ತುತ್ತಿನಗುಡ್ಡ ಸಿಗುತ್ತದೆ. ಗುಡ್ಡವೆಂದರೆ ಒಂದರ ಮೇಲೊಂದು ಕುಳಿತ ಬಂಡೆಗಳ ರಾಶಿ, ಅಷ್ಟೆ. ಮೇಲೆ ಗುಡಿಯಿಲ್ಲ, ಶಾಸನವಿಲ್ಲ. ನಡುವೆ ಒಂದು ಹಾಸುಗಲ್ಲು, ಅದರ ಮೇಲೆ ಒಣಗುತ್ತಿರುವ ರೊಟ್ಟಿಯ ಚೂರು, ಪಕ್ಕದಲ್ಲಿ ಬೆನ್ನು ತಿರುಗಿಸಿ ಕುಳಿತ ನಾಯಿಯಂಥ ಕಲ್ಲು. ಪೇಟೆಯಿಂದ ಬಂದವರು ಆ ಕಲ್ಲಿನ ಕೊರಳಿಗೆ ಕೈಹಾಕಿ ಫೋಟೊ ತೆಗೆಸಿಕೊಂಡು ನಗುತ್ತಾರೆ. ನಗಲಿ. ಕತೆ ಗೊತ್ತಿದ್ದವರು ಅಲ್ಲಿ ನಗುವುದಿಲ್ಲ.

ಹಿಂದೆ ಒಮ್ಮೆ, ಪ್ರಾಣಿಗಳಿಗೂ ಮನುಷ್ಯರಿಗೂ ಒಂದೇ ಮಾತಿದ್ದ ಕಾಲದಲ್ಲಿ, ಈ ಗುಡ್ಡದ ಬುಡದಲ್ಲಿ ಹಾಲವ್ವ ಎಂಬ ಕುರಿಗಾರ್ತಿಯ ಹಟ್ಟಿಯಿತ್ತು ಎನ್ನುತ್ತಾರೆ. ಅವಳಿಗೆ ಗಂಡನಿಲ್ಲ, ಮಕ್ಕಳಿಲ್ಲ. ಇದ್ದದ್ದು ಕುರಿಹಿಂಡು, ಒಂದು ಕತ್ತೆ, ಕೆಂಚಿ ಎಂಬ ಹೆಣ್ಣುನಾಯಿ. ಉಣ್ಣಲು ಕೂತಾಗ ಹಾಲವ್ವ ರೊಟ್ಟಿ ಮುರಿದು, ಹಾಲಿನಲ್ಲಿ ಅದ್ದಿ, ಮೊದಲ ತುತ್ತನ್ನು ಕೆಂಚಿಗೆ ಇಟ್ಟೇ ತಾನು ಬಾಯಿಗಿಡುತ್ತಿದ್ದಳು. ಅದು ಆ ಕುರಿಗಾರರ ಪದ್ಧತಿ. ಯಾಕೆಂದು ಕೆಂಚಿ ಎಂದೂ ಕೇಳಿರಲಿಲ್ಲ. "ಅವ್ವಗ ನನಗಿಂತ ಹೆಚ್ಚಿನವರು ಯಾರೂ ಇಲ್ಲ, ನೋಡ್ರಿ" ಎಂದು ಮೂತಿ ನೆಕ್ಕಿಕೊಳ್ಳುತ್ತ ಎಲ್ಲರ ಮುಂದೆ ಬೀಗುತ್ತಿದ್ದಳು. ಕೇಳಿ ಕೇಳಿ ಕತ್ತೆಗೇ ಸಾಕಾಗಿತ್ತಂತೆ.

ಹೀಗಿರುವಾಗ ಬಂಡೆಗಳ ಸಂದಿಯಲ್ಲಿ ಯಾಳಿಯ ಮರಿಯೊಂದು ಸಿಕ್ಕಿತು. ಸಿಂಹದ ಮೈ, ಆನೆಯ ಸೊಂಡಿಲಿನ ಯಾಳಿಗಳನ್ನು ಈಗ ಗುಡಿಯ ಕಂಬಗಳಲ್ಲಷ್ಟೇ ಕಾಣುತ್ತೇವೆ. ಆಗ ಅವು ಗುಡ್ಡಗಳಲ್ಲಿ ತಿರುಗಾಡುತ್ತಿದ್ದವು. ತಾಯಿ ಸತ್ತ ಮರಿಯನ್ನು ಹಾಲವ್ವ ಕಂಬಳಿಯಲ್ಲಿ ಸುತ್ತಿ ತಂದಳು. ಅಂದು ಮೊದಲ ತುತ್ತು ಮರಿಯ ಬಾಯಿಗೆ ಹೋಯಿತು. ಎರಡನೆಯದು ಕೆಂಚಿಗೆ ಬಂತು. ಅವಳು ಮೂಸಿಯೂ ನೋಡಲಿಲ್ಲ. ಹೊಟ್ಟೆಯುರಿಗೆ ಯಾವ ನಾಟಿವೈದ್ಯನ ಬಳಿಯೂ ಮದ್ದಿಲ್ಲ. ಮರಿ ಕುಣಿದರೂ ಕೆಂಚಿಗೆ ಸಿಟ್ಟು, ಮಲಗಿದರೂ ಸಿಟ್ಟು. ಅದು ಸೊಂಡಿಲಿನಿಂದ ಅವ್ವನ ಸೆರಗು ಹಿಡಿದು ನಡೆಯುವುದನ್ನು ಕಂಡರಂತೂ ಹಲ್ಲು ಕಡಿಯುತ್ತಿದ್ದಳು. ಪಾಪ, ಮರಿಗೆ ಇದೊಂದೂ ತಿಳಿಯದು. "ಅಕ್ಕಾ, ಅಕ್ಕಾ" ಎನ್ನುತ್ತ ಅವಳ ಬಾಲದ ಹಿಂದೆಯೇ ಸುತ್ತುತ್ತಿತ್ತು.

ಒಂದು ಸಂಜೆ ಹಾಲವ್ವ ನೀರು ತರಲು ಹಳ್ಳಕ್ಕೆ ಇಳಿದಿದ್ದಳು. ಮೇಲೆ ಹಾಸುಗಲ್ಲಿನ ಬಳಿ ಎರಡು ಕಣ್ಣು ಹೊಳೆದವು. "ಅಕ್ಕಾ, ಅಲ್ಲಿ ಯಾರು?" ಎಂದಿತು ಮರಿ. ತೋಳದ ವಾಸನೆ ಕೆಂಚಿಯ ಮೂಗಿಗೆ ಆಗಲೇ ಬಡಿದಿತ್ತು. ಒಂದು ಸಲ ಬೊಗಳಿದ್ದರೆ ಸಾಕಿತ್ತು. ಅವಳು ಬೊಗಳಲಿಲ್ಲ.

"ನಿನ್ನ ಹೆತ್ತವ್ವ ಬಂದಾಳ. ಹೋಗು" ಎಂದಳು.

ಮರಿ ಸೊಂಡಿಲೆತ್ತಿಕೊಂಡು ಓಡಿತು. ಕೂಗು ಕೇಳಿ ಹಾಲವ್ವ ಏದುಸಿರು ಬಿಡುತ್ತ ಬರುವಷ್ಟರಲ್ಲಿ ಹಾಸುಗಲ್ಲಿನ ಮೇಲೆ ರಕ್ತವಷ್ಟೇ ಉಳಿದಿತ್ತು. ಕೆಂಚಿ ಬಾಯಿ ಬಿಡಲಿಲ್ಲ. ಕಂಡದ್ದನ್ನು, ಕೇಳಿದ್ದನ್ನು ಕತ್ತೆ ಹೇಳಿತು. ಹಾಲವ್ವ ಕೋಲೆತ್ತಲಿಲ್ಲ, ಬೈಯಲೂ ಇಲ್ಲ. ಬಹಳ ಹೊತ್ತು ಅತ್ತಳು. ಆಮೇಲೆ ಎಂದಿನಂತೆ ರೊಟ್ಟಿ ಮುರಿದಳು.

"ಮೊದಲ ತುತ್ತು ಮುದ್ದಿಗೆ ಇಡೂದಲ್ಲ, ಕೆಂಚಿ. ಹಟ್ಟಿಗೆ ಕಡೀಕ ಬಂದ ತಬ್ಬಲಿಗೆ ಇಡೂದು. ನಿನ್ನ ತಂದಾಗ ನೀನಿನ್ನೂ ಕಣ್ಣು ಬಿಟ್ಟಿರಲಿಲ್ಲ. ಅದಕ್ಕ ಮುಂಚೆ ಈ ತುತ್ತು ಮುದುಕ ನಾಯಿ ಕರಿಯಂದು. ಅಂವನೂ ಅವತ್ತು ಉಣ್ಣಲಿಲ್ಲ, ಮುನಿಸ್ಕೊಂಡ. ಆದರ ತೋಳ ಬಂದಾಗ ನಿನಗ ಅಡ್ಡ ನಿಂತ, ಸತ್ತ." ಹೀಗೆ ಹೇಳಿ ತುತ್ತನ್ನು ಅವಳ ಮುಂದಿಟ್ಟಳು. "ಈಗ ಮತ್ತ ನಿನ್ನ ಬಿಟ್ಟರ ಯಾರೂ ಇಲ್ಲ. ತಗೋ, ತಿನ್ನು."

ಕೆಂಚಿ ಬಯಸಿದ್ದೇ ಅದು. ಈಗ ಮುಂದಿದ್ದರೂ ನೋಡಲಾಗಲಿಲ್ಲ. ತುತ್ತಿಗೆ ಬೆನ್ನು ತಿರುಗಿಸಿ ಗುಡ್ಡ ಹತ್ತಿದಳು, ಹಾಸುಗಲ್ಲಿನ ಪಕ್ಕ ಕುಳಿತಳು, ಮತ್ತೆ ಮಾತಾಡಲಿಲ್ಲ. ಹಾಲವ್ವ ದಿನವೂ ತುತ್ತನ್ನು ಅಲ್ಲಿಗೇ ಒಯ್ದಿಟ್ಟು ಕರೆದಳು. ಕೆಂಚಿ ತಿರುಗಲಿಲ್ಲ, ಕುಳಿತಲ್ಲೇ ಕಲ್ಲಾದಳು. ನಾಯಿಗಳ ಕುಲ ಮಾತು ಬಿಟ್ಟದ್ದು ಅಂದಿನಿಂದ ಎನ್ನುತ್ತಾರೆ. ಈಗ ಎಲೆ ಅಲುಗಿದರೂ ಅವು ಬೊಗಳುತ್ತವೆ.

ಇಂದಿಗೂ ಕುರಿಗಾರರು ಆ ದಾರಿಯಲ್ಲಿ ಬಂದರೆ ಬುತ್ತಿಯ ಮೊದಲ ತುತ್ತನ್ನು ಹಾಸುಗಲ್ಲಿನ ಮೇಲಿಡುತ್ತಾರೆ. ಅದನ್ನು ಕಾಗೆ ಒಯ್ಯುತ್ತದೆ, ಇರುವೆ ಒಯ್ಯುತ್ತದೆ. ಅವರ ಜೊತೆಗಿರುವ ನಾಯಿಗಳು ಎಷ್ಟೇ ಹಸಿದಿದ್ದರೂ ಮುಟ್ಟುವುದಿಲ್ಲ. ಕಲ್ಲಿನ ಪಕ್ಕಕ್ಕೆ ಹೋಗಿ, ಬೆನ್ನು ತಿರುಗಿಸಿ ಕೂರುತ್ತವೆ.