ಹುಲಿಯ ಬಾಲದ ಕೆಳಗಿನ ಚುಕ್ಕೆ

“ಜೊತೆಗಾರನ ಮೇಲೆ ಸಂಶಯ ಹುಟ್ಟಿದರೆ, ಅವನಿಗೆ ತಿಳಿಯದ ಹಾಗೆ ಪರೀಕ್ಷೆ ಮಾಡಿ ನೋಡುವುದು ತಪ್ಪೇ, ಆಚಾರ್ರೇ?” ಎಂದು ಜವರಪ್ಪ ಕೇಳಿದ.

ಮುದ್ದಾಚಾರ್ರು ಬಾಯಲ್ಲಿದ್ದ ಎಲೆಅಡಿಕೆಯನ್ನು ಈ ದವಡೆಯಿಂದ ಆ ದವಡೆಗೆ ಸರಿಸಿದರು.

“ನನ್ನ ಕಣ್ಣು ನೆಟ್ಟಗಿದ್ದಾಗ ಒಂದು ರಾಗಿಕಾಳಿಗೆ ಎರಡು ಹುಬ್ಬು, ಒಂದು ಮೀಸೆ ಅಂಟಿಸಿದ್ದೆ” ಎಂದರು. “ಹುರಿ ಮಾಡಿದ ಮೀಸೆ. ನೋಡಿದವರು ಮೂರು ಜನ. ಮೂವರೂ ಹೋಗಿಬಿಟ್ಟರು. ರಾಗಿಕಾಳನ್ನು ಕೋಳಿ ತಿಂದುಹಾಕಿತು.”

ಆಚಾರ್ರು ಹೇಳಿದ್ದರಲ್ಲಿ ಅರ್ಧ ಕಳೆದು ಉಳಿದದ್ದನ್ನು ನಂಬಬೇಕು. ಅವರ ಹತ್ತಿರ ಕಸುಬು ಕಲಿತವರು ಎಲ್ಲಕ್ಕಿಂತ ಮೊದಲು ಕಲಿಯುವುದು ಇದನ್ನೇ. ಬೇರೆ ದಿನವಾಗಿದ್ದರೆ ಜವರಪ್ಪ ನಗುತ್ತಿದ್ದ. ಇವತ್ತು ನಗಲಿಲ್ಲ.

ಅವನದೂ ಈರಭದ್ರನದೂ ಜೋಡಿ ಕೆಲಸ. ಹೆಬ್ಬೆರಳುದ್ದದ ಮರದ ಗೊಂಬೆಗಳು. ಅವನ್ನು ಸೆಟ್ಟು ಸೆಟ್ಟಾಗಿ ಕೂಡಿಡುವ ಶೋಕಿಯ ಜನ ತಮಗೆ ಬೇಕಾದ ಚಿತ್ರ ಹೇಳಿ ಮಾಡಿಸಿಕೊಳ್ಳುತ್ತಾರೆ. ಅಷ್ಟು ಸಣ್ಣ ಗೊಂಬೆಯ ಮೇಲೆ ನೇರವಾಗಿ ಬರೆಯಲು ಬರುವುದಿಲ್ಲ. ಕಾಗದಕ್ಕೆ ಹತ್ತಿದ ತೆಳು ಪೊರೆಯ ಮೇಲೆ ಬರೆಯಬೇಕು. ಅದನ್ನು ನೀರಿಗೆ ಬಿಡಬೇಕು. ಪೊರೆ ಸಡಿಲವಾದಾಗ ಕುಂಚದ ತುದಿಯಿಂದ ಗೊಂಬೆಯ ಮೇಲೆ ಜಾರಿಸಬೇಕು. ಬರೆಯುವವನು ಜವರಪ್ಪ. ಜಾರಿಸಿ, ಮೆರುಗು ಹಚ್ಚಿ, ಅಂಗಡಿಗೆ ಮುಟ್ಟಿಸುವವನು ಈರಭದ್ರ.

ಪೇಟೆಯ ಅಂಗಡಿಯಲ್ಲಿರುವ ಗೊಂಬೆಗಳ ಮೇಲಿನ ಚಿತ್ರ ತನ್ನದಲ್ಲ, ಈರಭದ್ರ ಯಾರದೋ ಕೈಯಲ್ಲಿ ನಕಲು ಬರೆಸಿದ್ದಾನೆ, ಇವತ್ತು ಸಂಜೆಯೊಳಗೆ ಅವನನ್ನು ಕೆಲಸ ಬಿಡಿಸಿ ಕಳಿಸಬೇಕು ಎಂದು ಜವರಪ್ಪ ಬೆಳಿಗ್ಗೆಯೇ ಆಚಾರ್ರಿಗೆ ಹೇಳಿದ್ದ. ನಕಲೆಂದು ಹೇಗೆ ಗೊತ್ತಾಯಿತು ಎಂಬುದನ್ನು ಮಾತ್ರ ಹೇಳಿರಲಿಲ್ಲ.

“ಕೇಳು” ಎಂದು ಆಚಾರ್ರು ಕತೆ ಶುರುಮಾಡಿದರು.

ಒಂದೂರಿನಲ್ಲಿ ಒಬ್ಬ ಚಿತ್ರಗಾರ, ಒಬ್ಬ ಅಂಟಿಸುವವನು ಇದ್ದರು. ಇಬ್ಬರೂ ಸೇರಿ ಪೈಲ್ವಾನರ ಗೊಂಬೆ ಮಾಡುತ್ತಿದ್ದರು. ಪ್ರತಿ ಪೈಲ್ವಾನನ ಎದೆಯ ಮೇಲೂ ಒಂದು ಹುಲಿ. ಆ ಹುಲಿಯನ್ನು ಕಂಡು ಅಂಗಡಿಯ ಬೆಕ್ಕು ಮೂರು ದಿನ ಅಟ್ಟದಿಂದ ಇಳಿಯಲಿಲ್ಲ. ಚಿತ್ರಗಾರ ಬರೆದು ಕೊಡುತ್ತಿದ್ದ. ಅಂಟಿಸುವವನು ತನ್ನ ಮನೆಗೆ ಒಯ್ದು, ಅಂಟಿಸಿ, ಅಲ್ಲಿಂದಲೇ ವ್ಯಾಪಾರಿಗೆ ತಲುಪಿಸುತ್ತಿದ್ದ.

“ಇದು ನೀವು ಕಂಡದ್ದೋ, ಕೇಳಿದ್ದೋ?” ಎಂದ ಜವರಪ್ಪ.

“ನಮ್ಮ ಮುತ್ತಜ್ಜನ ಕಾಲದ್ದು. ಆದರೂ ಕಂಡ ಹಾಗೇ” ಎಂದು ಆಚಾರ್ರು ಮುಂದುವರಿಸಿದರು.

ಒಂದು ಸಲ ಚಿತ್ರಗಾರ ನೂರು ಹುಲಿ ಬರೆದು ಕೊಟ್ಟ. ತೊಂಬತ್ತಾರು ಗೊಂಬೆ ಆದವು.

“ಇನ್ನು ನಾಲ್ಕು ಹುಲಿ ಎಲ್ಲಿ ಹೋದವು?” ಎಂದು ಕೇಳಿದ.

“ಹರಿದವು ಕಣಯ್ಯ. ಪೊರೆ ಅಂದಮೇಲೆ ಹರಿಯದೆ ಇರುತ್ತದೆಯೇ? ಹರಿದದ್ದನ್ನೂ ಗಂಟು ಕಟ್ಟಿ ತರಬೇಕಿತ್ತೇನು?” ಎಂದು ಅಂಟಿಸುವವನು ನಕ್ಕ.

ಚಿತ್ರಗಾರನೂ ನಕ್ಕ. ಆದರೆ ಮನೆಗೆ ಹೋದ ಮೇಲೆ ಅವನಿಗೆ ಅನ್ನ ಇಳಿಯಲಿಲ್ಲ. ಈ ನಾಲ್ಕು ಹುಲಿಯನ್ನು ನೋಡಿ ಬರೆದುಕೊಳ್ಳುವ ಇನ್ನೊಬ್ಬ ಎಲ್ಲೋ ಇದ್ದಾನೆ ಎಂದುಕೊಂಡ. ಮರುದಿನದಿಂದ ಪ್ರತಿ ಹುಲಿಯ ಬಾಲದ ಕೆಳಗೆ ಒಂದು ಕಪ್ಪು ಚುಕ್ಕೆ ಇಡತೊಡಗಿದ. ಸಾಸಿವೆಯ ಕಾಲುಭಾಗ. ಚುಕ್ಕೆ ಇದ್ದರೆ ತನ್ನದು, ಇಲ್ಲದಿದ್ದರೆ ಕಳ್ಳಮಾಲು. ಹೆಂಡತಿಗೂ ಹೇಳಲಿಲ್ಲ.

ಚುಕ್ಕೆ ಇಟ್ಟ ಮೇಲೆ ಹರಿಯುವ ಹುಲಿಗಳು ನಾಲ್ಕರಿಂದ ಹನ್ನೊಂದಾದವು.

ಚಿತ್ರಗಾರನ ಸಂಶಯ ಗಟ್ಟಿಯಾಯಿತು. ಜೊತೆಗಾರ ಹೊಸ ಪಂಚೆ ಉಟ್ಟರೆ ಅದು ಯಾರು ಕೊಟ್ಟದ್ದು ಎಂದು ಯೋಚಿಸಿದ. ಕೆಮ್ಮಿದರೆ ಯಾರಿಗೋ ಸನ್ನೆ ಮಾಡಿದ ಎಂದುಕೊಂಡ. ಕೊನೆಗೆ ತಡೆಯಲಾರದೆ ವ್ಯಾಪಾರಿಯ ಅಂಗಡಿಗೆ ಹೋದ. ಪೈಲ್ವಾನರು ಸಾಲಾಗಿ ನಿಂತಿದ್ದರು. ಒಂದನ್ನು ಎತ್ತಿ ನೋಡಿದ. ಚುಕ್ಕೆ ಇರಲಿಲ್ಲ. ಇನ್ನೊಂದನ್ನು ನೋಡಿದ. ಇರಲಿಲ್ಲ. ಇಡೀ ಸಾಲಿನಲ್ಲಿ ಒಂದು ಹುಲಿಗೂ ಚುಕ್ಕೆ ಇರಲಿಲ್ಲ.

ಅವನು ಗೊಂಬೆಗಳನ್ನು ಬಾಚಿ ಬೀದಿಗೆ ತಂದ. ಚಪ್ಪಡಿ ಕಲ್ಲಿನ ಮೇಲಿಟ್ಟು ಒಂದೊಂದನ್ನೂ ಜಜ್ಜಿದ. “ಇದು ನನ್ನ ಕೈಕೆಲಸವಲ್ಲ! ಈ ಅಂಗಡಿಯಲ್ಲಿರುವುದೆಲ್ಲ ಕಳ್ಳಮಾಲು!” ಎಂದು ಕೂಗಿದ. ಗೊಂಬೆ ಕೂಡಿಡುವ ಜನ ಅಲ್ಲೇ ನಿಂತಿದ್ದರು. ತಮ್ಮ ಮನೆಯ ಪೈಲ್ವಾನರ ಗತಿ ಏನು ಎಂದು ಒಬ್ಬರ ಮುಖ ಒಬ್ಬರು ನೋಡಿಕೊಂಡರು.

ವ್ಯಾಪಾರಿ ಅಂಟಿಸುವವನನ್ನು ಕರೆಸಿದ.

“ಬಾಲದ ಕೆಳಗಿನ ಚುಕ್ಕೆ ಎಲ್ಲಿ?” ಎಂದು ಚಿತ್ರಗಾರ ಅವನ ಕೊರಳಪಟ್ಟಿ ಹಿಡಿದ.

“ಆ ಕಲೆಯೇ?” ಎಂದ ಅವನು. “ನಿನ್ನ ಕೈ ನಡುಗಲು ಶುರುವಾಗಿದೆ, ಕುಂಚ ತೊಟ್ಟಿಕ್ಕುತ್ತಿದೆ ಅಂದುಕೊಂಡೆ ಮಾರಾಯ. ಹೇಳಿದರೆ ನೊಂದುಕೊಳ್ಳುತ್ತೀ. ಬಿಟ್ಟರೆ ನಾಲ್ಕು ಜನ ಆಡಿಕೊಳ್ಳುತ್ತಾರೆ. ನೀರಿನಲ್ಲಿರುವಾಗಲೇ ಸೂಜಿಮೊನೆಯಿಂದ ಕೆರೆದು ತೆಗೆದೆ. ಸೂಜಿ ತಾಗಿ ಕೆಲವು ಹರಿದವು. ಏನು ಮಾಡಲಿ?”

ಚಿತ್ರಗಾರ ಕೈ ಬಿಟ್ಟ. ಅಂಟಿಸುವವನು ಕೊರಳಪಟ್ಟಿ ಸರಿಮಾಡಿಕೊಂಡ. ಜಜ್ಜಿಹೋದ ಪೈಲ್ವಾನರನ್ನು ಪಂಚೆಯ ಸೆರಗಿಗೆ ತುಂಬಿಕೊಂಡು ಹೊರಟುಹೋದ. ತಿರುಗಿ ಬರಲಿಲ್ಲ. ಆಮೇಲೆ ಆ ಪೈಲ್ವಾನರನ್ನು ಯಾರೂ ಕೊಳ್ಳಲಿಲ್ಲ. ಬರೆದವನೇ ಕಳ್ಳಮಾಲು ಅಂದ ಮೇಲೆ ಯಾರು ಕೊಂಡಾರು? ಚಿತ್ರಗಾರ ತಾನೇ ಬರೆದು ತಾನೇ ಅಂಟಿಸಲು ಕೂತ. ಒಂದೂ ನೆಟ್ಟಗೆ ಕೂರಲಿಲ್ಲ. ಒಂದು ಹುಲಿ ಎದೆ ಬಿಟ್ಟು ಹೊಟ್ಟೆಗೆ ಇಳಿಯಿತು. ಒಂದು ಬೆನ್ನಿಗೆ ಹೋಯಿತು. ಅಂಗಡಿಯ ಬೆಕ್ಕು ಈ ಸಲ ಅಟ್ಟ ಹತ್ತದೆ ಆ ಗೊಂಬೆಗಳ ಜೊತೆ ಆಟವಾಡಿತು.

ಆಚಾರ್ರು ಕತೆ ನಿಲ್ಲಿಸಿ ಎಲೆಅಡಿಕೆ ಉಗುಳಿದರು.

ಜವರಪ್ಪನಿಗೆ ಕತೆಯ ಮೇಲೆಯೇ ಅನುಮಾನ ಬಂದಿತ್ತು. ಮುದುಕ ಈರಭದ್ರನ ಕಡೆ ವಾಲಿದ್ದಾನೆ. ಇಬ್ಬರೂ ಮೊದಲೇ ಮಾತಾಡಿಕೊಂಡಿದ್ದರೂ ಇರಬಹುದು. ಇನ್ನೊಂದು ವಿಷಯವೂ ಅವನಿಗೆ ಹೊಳೆಯಿತು. ಆಚಾರ್ರು ಸಿಕ್ಕಿಬಿದ್ದರು ಎಂದುಕೊಂಡ.

“ಮುತ್ತಜ್ಜನ ಕಾಲ ಅಂದಿರಲ್ಲ ಆಚಾರ್ರೇ” ಎಂದ. “ನೀರಲ್ಲಿ ಜಾರುವ ಈ ಪೊರೆ ನಮ್ಮೂರಿಗೆ ಬಂದು ಇಪ್ಪತ್ತು ವರ್ಷವೂ ಆಗಿಲ್ಲ. ನಿಮ್ಮ ಮುತ್ತಜ್ಜ ಯಾವ ಪೊರೆ ಕಂಡಿದ್ದರು? ಈರಭದ್ರನನ್ನು ಉಳಿಸುವುದಕ್ಕೆ ಈಗ ಇಲ್ಲೇ ಕೂತು ಕಟ್ಟಿದಿರಿ ಈ ಕತೆಯನ್ನು. ಹೌದೋ ಅಲ್ಲವೋ?”

ಮುದ್ದಾಚಾರ್ರು ಹೆಗಲು ಕುಣಿಸಿದರು.

“ಕತೆ ಸುಳ್ಳೇ ಇರಲಿ ಬಿಡಪ್ಪ, ನಿನ್ನ ಚಿತ್ರದಲ್ಲಿ ನೀನು ಇಡುತ್ತಿರುವುದು ಗುರುತು, ಕಲೆಯಲ್ಲ ಅಂತ ಈರಭದ್ರನಿಗೆ ಒಂದು ದಿನವಾದರೂ ಹೇಳಿದ್ದೀಯಾ?”