ಪೀಪಾಯಿಯ ಬುಡದ ಗಸಿ

"ಬುದ್ಧೀ, ಎಲ್ಲರಿಗೂ ಒಂದೇ ನಿಯಮ ಇದ್ದ ಮೇಲೆ ಅನ್ಯಾಯ ಎಲ್ಲಿಂದ ಬರುತ್ತದೆ?" ಎಂದು ಶಿಷ್ಯ ಕೇಳಿದ.

"ಕೂತುಕೋ ಮಗು, ಹೇಳುತ್ತೇನೆ" ಎಂದರು ಗುರುಗಳು.

ಒಂದು ಪಟ್ಟಣವಿತ್ತು. ಅಲ್ಲಿ ದ್ರಾಕ್ಷಿಯ ಮದ್ಯ ಮಾರುವವರು ಯಾರೇ ಆಗಲಿ, ಅದನ್ನು ಅರಸರ ಉಗ್ರಾಣದಿಂದಲೇ ತರಬೇಕು. ತೋಟದವರ ಹತ್ತಿರ ಕೊಳ್ಳುವಂತಿಲ್ಲ, ಮನೆಯಲ್ಲಿ ಮಾಡುವಂತಿಲ್ಲ. ಬೆಲೆ ಎಲ್ಲರಿಗೂ ಒಂದೇ. ಮೊದಲು ಬಂದವರಿಗೆ ಮೊದಲು. ಈ ನಿಯಮ ಬರೆದ ಅಧಿಕಾರಿ ಒಳ್ಳೆಯವನು. ಯಾರ ಕೈಯಿಂದಲೂ ಒಂದು ಬಾಳೆಹಣ್ಣನ್ನು ಸಹ ತೆಗೆದುಕೊಂಡವನಲ್ಲ.

ದೊಡ್ಡ ವ್ಯಾಪಾರಿಗಳು ಗಾಡಿ ಕಟ್ಟಿಕೊಂಡು, ಬಾಗಿಲು ತೆರೆಯುವ ಮೊದಲೇ ಬಂದು ನಿಲ್ಲುತ್ತಿದ್ದರು. ಎಲ್ಲರಿಗಿಂತ ಮುಂಚೆ ಅರಸರಿಗೆಂದು ಅರಮನೆಯ ಹಂಡೆ ತುಂಬುತ್ತಿತ್ತು; ಅದಾದ ಮೇಲೆ ಪೀಪಾಯಿಯ ಮೇಲಿನ ತಿಳಿಯೆಲ್ಲ ಈ ವ್ಯಾಪಾರಿಗಳಿಗೆ. ಊರಾಚೆ ಸಣ್ಣ ಅಂಗಡಿ ಇಟ್ಟುಕೊಂಡ ಒಬ್ಬ ಹೆಂಗಸು ಗಡಿಗೆ ಹೊತ್ತು ನಡೆದು ಬರುವಷ್ಟರಲ್ಲಿ, ಆಳುಗಳು ಪೀಪಾಯಿಯನ್ನು ವಾಲಿಸಿ ಹಿಡಿದಿರುತ್ತಿದ್ದರು. ಬುಡದ ಗಸಿ ಕದಡಿ ಅವಳ ಗಡಿಗೆಗೆ ಇಳಿಯುತ್ತಿತ್ತು.

"ಏನಕ್ಕಾ, ದ್ರಾಕ್ಷಿರಸ ಕೊಡ್ತೀಯೋ, ಕೆರೆ ಬಗ್ಗಡ ಕೊಡ್ತೀಯೋ?" ಎಂದು ಗಿರಾಕಿಗಳು ಆಡಿಕೊಂಡರು. ಆಮೇಲೆ ಆಡಿಕೊಳ್ಳುವುದಕ್ಕೂ ಯಾರೂ ಬರಲಿಲ್ಲ. ಅಂಗಡಿ ಮುಚ್ಚುವ ಹಾಗಾಯಿತು. ಅವಳ ಮನೆಯ ಒಲೆ ಉರಿಯುತ್ತಿದ್ದದ್ದೇ ಆ ಅಂಗಡಿಯಿಂದ.

ಒಂದು ದಿನ ಅವಳು ಉಗ್ರಾಣದಿಂದ ಮನೆಗೆ ಹೋಗಲಿಲ್ಲ. ತುಂಬಿದ ಗಡಿಗೆ ಹೊತ್ತು ನೇರವಾಗಿ ಅಧಿಕಾರಿಯ ಮುಂದೆ ಹೋಗಿ ಇಳಿಸಿದಳು. ಒಂದು ಬಟ್ಟಲಿಗೆ ಬಗ್ಗಿಸಿ ಕೊಟ್ಟಳು.

ಅಧಿಕಾರಿ ಒಂದು ಗುಟುಕು ಕುಡಿದು ಮುಖ ಹಿಂಡಿದ. "ಥೂ! ಇದೆಲ್ಲಿಂದ ತಂದೆಯಮ್ಮ?"

"ನಿಮ್ಮ ಉಗ್ರಾಣದ್ದೇ ಸ್ವಾಮಿ. ಸಾಲಿನ ತುದಿಯಲ್ಲಿ ನಿಂತವರಿಗೆ ಸಿಗುವುದು."

ಅಧಿಕಾರಿ ಬಟ್ಟಲನ್ನು ಕೆಳಗಿಟ್ಟ. ಅವನಿಗೆ ನಾಚಿಕೆಯಾಯಿತು. "ನಾಳೆಯಿಂದ ಮೊದಲು ನಿನಗೇ ಅಳೆದುಕೊಡಲು ಹೇಳುತ್ತೇನೆ, ಹೋಗಿ ಬಾ" ಎಂದ.

ಅವಳು ಗಡಿಗೆ ಎತ್ತಲಿಲ್ಲ. "ನನ್ನ ಹಿಂದೆ ಒಬ್ಬ ಅಜ್ಜ ಕೋಲೂರಿಕೊಂಡು ನಿಂತಿರುತ್ತಾನೆ ಸ್ವಾಮಿ. ನನ್ನನ್ನು ಮುಂದೆ ಕರೆದರೆ ನನ್ನ ಪಾಲಿನ ಗಸಿಯೂ ಅವನಿಗೇ ಬೀಳುತ್ತದೆ. ಬುಡದಲ್ಲಿ ಇರುವುದು ಯಾರದೋ ಒಬ್ಬರ ಗಡಿಗೆಗೆ ಬೀಳಲೇಬೇಕಲ್ಲ?"

"ಹಾಗಾದರೆ ಏನು ಮಾಡಲಿ, ನೀನೇ ಹೇಳು."

"ಅರಮನೆಯ ಹಂಡೆಯನ್ನು ಆ ಅಜ್ಜನ ಹಿಂದೆ ಇಡಿಸಿ."

ಪಕ್ಕದಲ್ಲಿದ್ದ ಉಗ್ರಾಣದವನು ಹೌಹಾರಿದ. "ಅಯ್ಯೋ, ಇವಳಿಗೇನು ತಲೆ ಕೆಟ್ಟಿದೆಯಾ? ಅರಸರ ಬಟ್ಟಲಲ್ಲಿ ಮಡ್ಡಿ ಕಂಡರೆ ನಮ್ಮ ಗತಿ?"

ಅಧಿಕಾರಿ ಬಟ್ಟಲಿನ ಗಸಿಯನ್ನು ಮತ್ತೊಮ್ಮೆ ನೋಡಿದ. ಅವನ ಕೆಲಸ ಹೋಗಬಹುದಿತ್ತು, ಕೆಲಸಕ್ಕಿಂತ ಹೆಚ್ಚಿನದೂ ಹೋಗಬಹುದಿತ್ತು. ಆದರೂ "ಇಡಿಸಿ" ಎಂದ.

ಮಾರನೆಯ ದಿನ ಅರಮನೆಯ ಹಂಡೆ ಅಜ್ಜನ ಹಿಂದೆ ನಿಂತಿತು. ಕದಡಿದ ಗಸಿ ಅರಸರ ಹಂಡೆಗೆ ಇಳಿದೀತೆಂದು ಆಳುಗಳಿಗೆ ಪೀಪಾಯಿ ವಾಲಿಸಲು ಕೈ ಬರಲಿಲ್ಲ. ಒಂದರ ತಿಳಿ ಮುಗಿಯುತ್ತಲೇ ಅದನ್ನು ಅಲ್ಲಿಗೇ ಬಿಟ್ಟು ಇನ್ನೊಂದನ್ನು ತೆರೆದರು. ಬುಡದ ಗಸಿಯನ್ನು ಗೊಬ್ಬರದ ಗುಂಡಿಗೆ ಸುರಿದರು. ಗಾಡಿಯವನಿಗೂ ತಿಳಿ, ಗಡಿಗೆಯವಳಿಗೂ ತಿಳಿ, ಅಜ್ಜನಿಗೂ ತಿಳಿ. ಅರಸನಿಗೆ ಏನೊಂದು ವ್ಯತ್ಯಾಸವೂ ತಿಳಿಯಲಿಲ್ಲ. ಊರಾಚೆಯ ಅಂಗಡಿಗೆ ಗಿರಾಕಿಗಳು ಒಬ್ಬೊಬ್ಬರಾಗಿ ತಿರುಗಿ ಬಂದರು.

ಕತೆ ಕೇಳಿದ ಶಿಷ್ಯನ ಮುಖ ಅರಳಿತು. "ಎಂಥ ದೊಡ್ಡ ಮನುಷ್ಯ ಬುದ್ಧೀ, ಆ ಅಧಿಕಾರಿ!" ಎಂದ.

"ದೊಡ್ಡವನೇ ಮಗು, ಆದರೆ ತಾನು ಬರೆದ ನಿಯಮವನ್ನು ಅವನು ಕುಡಿದು ನೋಡಿದ್ದು, ಅವಳು ಗಡಿಗೆ ಹೊತ್ತು ತಂದ ಮೇಲೆಯೇ" ಎಂದರು ಗುರುಗಳು.