ಚಾಕು ಒಂದೇ ಇತ್ತು

ನಂಬದಿದ್ದರೆ ಬಿಡಿ, ನನಗೇನೂ ನಷ್ಟವಿಲ್ಲ: ನಮ್ಮ ಗರಡಿಯಲ್ಲಿ ಗುರುಗಳನ್ನು ಬಿಟ್ಟರೆ ಎಲ್ಲದರಲ್ಲೂ ನಾನೇ ಮೊದಲು. ಅವರು ಇಳಿಸಿದ ಗದೆಯನ್ನು ಮೊದಲು ಎತ್ತುವವನು ನಾನು. ಹನ್ನೆರಡು ವರ್ಷದ ಹಿಂದೆ, ದಸರಾ ಕುಸ್ತಿಗೆ ಮುಂಚೆ, ಕಾಂಪೌಂಡರು ಗರಡಿಗೆ ಬಂದು ಹನ್ನೊಂದು ಜನಕ್ಕೆ ಶಕ್ತಿಯ ಸೂಜಿ ಹಾಕಿದರು. ಅವತ್ತೂ ಗುರುಗಳ ನಂತರ ತೋಳು ಚಾಚಿದವನು ನಾನೇ.

ಅದಕ್ಕೇ, ಹತ್ತು ವರ್ಷದಲ್ಲಿ ಯಕೃತ್ತನ್ನು ಕೆಡಿಸುವ ಹೆಪಟೈಟಿಸ್ ಸಿ ರೋಗದಿಂದ ಎಷ್ಟು ಜನ ಸತ್ತರು ಎಂದು ವಿಚಾರಿಸಿ ಬರೆಯುವ ಕೆಲಸವನ್ನು ಆಸ್ಪತ್ರೆಯವರು ಹುಡುಕಿಕೊಂಡು ಬಂದು ನನಗೇ ಕೊಟ್ಟರು. ಏಳು ಹಳ್ಳಿ ತಿರುಗಿದೆ. ಒಂದು ಮನೆ ಬಿಡಲಿಲ್ಲ. ಸೊನ್ನೆ ಎಂದು ಬರೆದೆ. ಡಾಕ್ಟರು ಹಾಳೆ ನೋಡಿ, "ಬದುಕಿರುವವರ ರಕ್ತ ಪರೀಕ್ಷೆ ಮಾಡಿ ಹೇಳ್ತಿದ್ದೀನಿ, ಸತ್ತವರು ಹತ್ತಕ್ಕೆ ಕಡಿಮೆ ಇರಲಾರರು" ಎಂದರು.

ನೇರ ಗುರುಗಳ ಮನೆಗೆ ಹೋದೆ. ಕೆಂಪನಂಜಯ್ಯನವರು ಆಗ ಹಾಸಿಗೆ ಹಿಡಿದಿದ್ದರು. ಕಾಲು ಬಾತಿತ್ತು, ಹೊಟ್ಟೆ ಉಬ್ಬಿತ್ತು. ವಯಸ್ಸಾಯಿತು ಎಂದು ನಾವು ಅಂದುಕೊಂಡಿದ್ದೆವು.

"ಗುರುಗಳೇ, ಸತ್ತವರ ಮನೆ ಬಾಗಿಲಿಗೇ ಹೋಗಿ ಬಂದವನು ನಾನು. ಕುರ್ಚಿ ಬಿಟ್ಟು ಏಳದವರು ಡಾಕ್ಟರು. ಯಾರ ಎಣಿಕೆ ಸರಿ?"

"ಮನೆಯವರು ಏನಂದರು?"

"ಒಬ್ಬ ಕುಡಿದು ಸತ್ತನಂತೆ. ಒಬ್ಬನಿಗೆ ಕಾಮಾಲೆ. ನಮ್ಮ ಗರಡಿಯ ದೊಡ್ಡಮಾದ ರಕ್ತ ಕಾರಿಕೊಂಡನಲ್ಲ, ಅವನಿಗೆ ಮಾಟ. ಆ ರೋಗದ ಹೆಸರು ಯಾರ ಬಾಯಲ್ಲೂ ಬರಲಿಲ್ಲ."

"ಕೂತ್ಕೊಳ್ಲಾ, ಎಲ್ಲದಕ್ಕೂ ಮೊದಲನೆಯವನೇ," ಎಂದು ಗುರುಗಳು ಕತೆ ಹೇಳಿದರು.

ಒಬ್ಬ ರೈತನಿಗೆ ನೂರು ಮಾವಿನ ಮರಗಳಿದ್ದವು. ಒಂದು ವರ್ಷ ಅವನು ಅಷ್ಟಕ್ಕೂ ಕಸಿ ಕಟ್ಟಿದ. ಚಾಕು ಒಂದೇ ಇತ್ತು. ಮೊದಲು ಕೊಯ್ದದ್ದು ತೋಟದ ಹಳೆಯ ಮರವನ್ನು. ಅದರ ತಿರುಳಿಗೆ ಕೊಳೆ ಹತ್ತಿತ್ತು. ಹೊರಗೆ ಕಾಣುತ್ತಿರಲಿಲ್ಲ. ಅವನು ಚಾಕುವನ್ನು ಒರೆಸಲಿಲ್ಲ.

ವರ್ಷಗಳು ಕಳೆದವು. ಮೂರು ಮರಗಳು ಬಿದ್ದವು. ಪಕ್ಕದ ತೋಟದಲ್ಲಿ ಕೊಳೆ ಬಂದ ಸುದ್ದಿ ಕೇಳಿ, ಕೊಳೆಯಿಂದ ಎಷ್ಟು ಬಿದ್ದಿವೆ ನೋಡಿ ಬಾ ಎಂದು ರೈತ ಆಳನ್ನು ಕಳಿಸಿದ. ಆಳು ತೋಟ ಸುತ್ತಿದ. ಒಂದನ್ನು ಗಾಳಿ ಕೆಡವಿತ್ತು. ಒಂದಕ್ಕೆ ಎತ್ತು ಮೈ ಉಜ್ಜಿತ್ತು. ಒಂದು ನೀರು ಸಾಲದೆ ಒಣಗಿ ಬಿದ್ದಿತ್ತು. "ಕೊಳೆಯಿಂದ ಒಂದೂ ಇಲ್ಲ, ಒಡೆಯ," ಎಂದ. ರೈತ ನೆಮ್ಮದಿಯಿಂದ ಉಂಡ.

ಮರ ಕೊಳ್ಳಲು ಒಬ್ಬ ಬಡಗಿ ಬಂದ. ಬಿದ್ದ ಮರಗಳನ್ನು ಕೊಯ್ದು ನೋಡಿದ. ಮೂರರಲ್ಲೂ ತಿರುಳಿರಲಿಲ್ಲ, ಹುಡಿಯಿತ್ತು. ಅವನು ಅಲ್ಲಿಗೆ ಬಿಡಲಿಲ್ಲ. ಕೊಡಲಿಯ ಹಿಂಬದಿಯಿಂದ ನಿಂತ ಮರಗಳನ್ನು ಬಡಿಯುತ್ತ ಹೋದ. ಮೂವತ್ತು ಮರಗಳು ಟೊಳ್ಳು ಸದ್ದು ಕೊಟ್ಟವು.

"ಮೂವತ್ತೂ ಬೀಳುತ್ತವೆಯೇ?" ಎಂದ ರೈತ.

"ಎಲ್ಲವೂ ಇಲ್ಲ. ಈಗಲೇ ಮದ್ದು ಕೊಟ್ಟರೆ ಬಹಳ ಉಳಿಯುತ್ತವೆ. ಕೊಡದಿದ್ದರೆ ಎಂಟು ಬೀಳಬಹುದು, ಹನ್ನೆರಡು ಬೀಳಬಹುದು. ಯಾವ ಮರ ಎಂದು ಹೇಳಲಾರೆ. ಬಿದ್ದ ದಿನ ನಿಮ್ಮ ಆಳು ಮತ್ತೆ ಗಾಳಿಯ ಹೆಸರನ್ನೇ ಹೇಳುತ್ತಾನೆ."

ಗುರುಗಳು ಕತೆ ಮುಗಿಸಿದರು. ನಾನು ನಕ್ಕೆ.

"ಅಂಥ ಪೆದ್ದು ಆಳನ್ನು ಇಟ್ಟುಕೊಂಡದ್ದೇ ತಪ್ಪು ಬಿಡಿ. ಆ ಹಳೆಯ ಮರ ಏನಾಯಿತು, ಗುರುಗಳೇ?"

"ನಿನ್ನ ಮುಂದೆ ಮಲಗಿದೆ. ಅವತ್ತು ಗರಡಿಯಲ್ಲಿ ಸೂಜಿಯೂ ಒಂದೇ ಇತ್ತು, ಚೆಲುವಾ."

ಅಲ್ಲಿಂದ ನೇರ ಆಸ್ಪತ್ರೆಗೆ ಹೋಗಿ ಪರೀಕ್ಷೆಗೆ ರಕ್ತ ಕೊಟ್ಟೆ.

ಗುರುಗಳ ತಿಥಿ ಕಳೆದ ಮರುದಿನ ಆಸ್ಪತ್ರೆಯಲ್ಲಿ ನನ್ನ ರಕ್ತದ ಚೀಟಿ ಕೊಟ್ಟರು. ರೋಗ ಇದೆ ಎಂದು ಬರೆದಿತ್ತು.